ನಮ್ಮ ಮಾವನ ಬಾಣಗಳು

ಪೆಟ್ಟು ತಿಂದವರು ಮೊಳಕಾಲ್ಮುರಿನ ಇಬ್ಬರು ಹುಡುಗಿಯರು: ಒಂಬತ್ತನೆಯ ತರಗತಿಯ ಲಾವಣ್ಯ ಮತ್ತು ಭಾರ್ಗವಿ. ಪೆಟ್ಟು ಕೊಟ್ಟದ್ದು ಒಂದು ಕಂಪ್ಯೂಟರು. ಆ ಕಂಪ್ಯೂಟರಿನ ಮಾತೇ ಕೊನೆಯ ಮಾತೆಂದು ಆದೇಶ ಹೊರಡಿಸಿದ್ದು ಒಂದು ಕಚೇರಿ. ಇವರೆಲ್ಲರ ನಡುವೆ ನಿಂತು, ಅತ್ಯಂತ ಸದುದ್ದೇಶದಿಂದ, ಅಷ್ಟೇ ಉತ್ಸಾಹದಿಂದ ಇಡೀ ಪ್ರಸಂಗವನ್ನು ಕೆಡಿಸಿದವರು ನನ್ನ ಸ್ವಂತ ಸೋದರಮಾವ!

ತಪ್ಪು ಮಾಡಿದವರನ್ನು ಹೆಸರು ಹಿಡಿದು ಕರೆಯಬೇಕೆಂಬುದು ನಾನು ಬಹುಕಾಲದಿಂದ ಪಾಲಿಸಿಕೊಂಡು ಬಂದ ನಿಯಮ. ಆದರೆ ಮಾವನ ಹೆಸರನ್ನು ಅಚ್ಚು ಹಾಕಿಸಿದರೆ ನಮ್ಮವ್ವ ಚಳ್ಳಕೆರೆಯ ಮನೆಯ ಹೊಸ್ತಿಲು ದಾಟಗೊಡುವುದಿಲ್ಲ. ಆಕೆಗೆ ಇರುವವನು ಒಬ್ಬನೇ ತಮ್ಮ. ಬೀದಿಗಿಳಿದು ಘೋಷಣೆ ಕೂಗುವ ಹೆಣ್ಣುಮಕ್ಕಳಾದರೆ ಇಬ್ಬರಿದ್ದೇವೆ. ಆದ್ದರಿಂದ ಇಲ್ಲಿ ಅವರು ಬರೀ ಮಾವ.

ಮಾವ ಮೊಳಕಾಲ್ಮುರಿನ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ವಾಸ ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿ. ಈ ಎರಡು ಊರುಗಳ ನಡುವಿನ ಬಸ್ಸಿನಲ್ಲಿ ಅವರು ಕಳೆದಿರುವ ಆಯುಷ್ಯವನ್ನು ಒಟ್ಟುಗೂಡಿಸಿದರೆ ಇನ್ನೊಬ್ಬ ಮನುಷ್ಯನಿಗೆ ಸಾಕಾಗುತ್ತದೆ. ಅವರ ದೃಢವಾದ ನಂಬಿಕೆ ಒಂದೇ: ಈ ಜಗತ್ತಿನಲ್ಲಿ ಎರಡು ದುಂಡುಗಳನ್ನು ಬರೆದು, ನಡುವೆ ಒಂದು ಬಾಣ ಎಳೆದು, ಬಾಣದ ಮೇಲೆ ಒಂದು ಮಾತು ಬರೆದು ವಿವರಿಸಲಾಗದ ಸಂಗತಿ ಯಾವುದೂ ಇಲ್ಲ. ಇದನ್ನು ಜ್ಞಾನನಕ್ಷೆ ಎನ್ನುತ್ತಾರೆ. ಮಗು ಏನನ್ನು ಓದಿದೆ ಎಂದಲ್ಲ, ಓದಿದ ಒಂದನ್ನು ಇನ್ನೊಂದಕ್ಕೆ ಹೇಗೆ ಜೋಡಿಸಿಕೊಂಡಿದೆ ಎಂದು ನೋಡುವ ವಿಧಾನ. ವಿಧಾನ ಒಳ್ಳೆಯದೇ. ಆದರೆ ಒಳ್ಳೆಯ ವಿಧಾನವೊಂದು ನಮ್ಮ ಮಾವನ ಕೈಗೆ ಸಿಕ್ಕರೆ ಏನಾಗುತ್ತದೆ?

ಮೊದಲು ಮನೆಯ ಗೋಡೆಗಳು ಹೋದವು. ನನ್ನ ತಂಗಿಯ ಮದುವೆಯಲ್ಲಿ ಯಾರನ್ನು ಯಾರ ಪಕ್ಕದಲ್ಲಿ ಊಟಕ್ಕೆ ಕೂರಿಸಬೇಕೆಂಬ ಗೊಂದಲ ಎದ್ದಾಗ, ಮಾವ ನಡುಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಇಡೀ ಬಂಧುಬಳಗದ ನಕ್ಷೆಯನ್ನೇ ಬಿಡಿಸಿದರು. ಪ್ರತಿ ದುಂಡಿನಲ್ಲೂ ಒಬ್ಬ ನೆಂಟ. ಬಾಣಗಳ ಮೇಲೆ 'ಮಾತು ಬಿಟ್ಟಿದ್ದಾರೆ', 'ಬಳೆಯ ವಿಷಯಕ್ಕೆ ಮುನಿದಿದ್ದಾರೆ', 'ಕಂಡರಾಗದು, ಆದರೆ ಊಟಕ್ಕೆ ಬರುತ್ತಾರೆ' ಎಂಬ ನಿಖರ ವಿವರಣೆಗಳು! ಅದನ್ನು ಅಳಿಸುವ ಮೊದಲೇ ದೊಡ್ಡಮ್ಮ ಬಂದುಬಿಟ್ಟರು. ಕನ್ನಡಕ ಸರಿಮಾಡಿಕೊಂಡು ಗೋಡೆಯ ಮುಂದೆ ನಿಂತರು. ದೊಡ್ಡಮ್ಮ ತಮ್ಮ ದುಂಡನ್ನು ಹುಡುಕಿ, ನಾದಿನಿಯ ದುಂಡಿನಿಂದ ಅದರತ್ತ ಬಂದಿದ್ದ ಬಾಣವನ್ನು ಬೆರಳಿನಿಂದ ಮುಟ್ಟಿ ಹೇಳಿದರು:

"ಎಲ್ಲಾ ಸರಿ ಐತಪ್ಪಾ. ಆದ್ರೆ ಈ ಬಾಣಕ್ಕೆ ಎರಡೂ ಕಡೆ ಮೂತಿ ಇರ್ಬೇಕು. ಆಕೆ ಒಬ್ಳೇ ಅಲ್ಲ, ನಾನೂ ಮಾತು ಬಿಟ್ಟೀನಿ!"

ಮಾವನಿಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಎಪ್ಪತ್ತು ದಾಟಿದ ಹೆಂಗಸೊಬ್ಬರು, ಯಾರೂ ಕಲಿಸದೆ, ಇಬ್ಬದಿಯ ಬಾಣವನ್ನು ಕಂಡುಹಿಡಿದಿದ್ದರು. ಅಲ್ಲಿಯೇ ಅವರಿಗೆ ಹತ್ತಕ್ಕೆ ಹತ್ತು ಕೊಟ್ಟರು. ಅತ್ತೆ ಮಾತ್ರ ಆ ಗೋಡೆಗೆ ಎರಡು ಸಲ ಸುಣ್ಣ ಹೊಡೆದರು.

ಬಸ್ಸನ್ನೂ ಬಿಡಲಿಲ್ಲ. ಮೊಳಕಾಲ್ಮುರಿಗೆ ಹೋಗುವ ಬೆಳಗಿನ ಬಸ್ಸು ದಿನವೂ ತಡವಾಗುತ್ತಿತ್ತು. ಬೇರೆಯವರಾಗಿದ್ದರೆ ದೂರು ಬರೆಯುತ್ತಿದ್ದರು. ನಾನಾಗಿದ್ದರೆ ಧರಣಿ ಕೂರುತ್ತಿದ್ದೆ. ಮಾವ ಕಂಡಕ್ಟರನ ಕೈಗೆ ಒಂದು ಹಾಳೆ, ಒಂದು ಪೆನ್ಸಿಲು ಕೊಟ್ಟು, "ಬಸ್ಸು ಯಾಕೆ ಲೇಟಾಗ್ತೈತೆ ಅಂತ ನಕ್ಷೆ ಬರ್ದು ತೋರ್ಸಪ್ಪಾ" ಎಂದರು. ಆತ ಎರಡು ದಿನ ತಪ್ಪಿಸಿಕೊಂಡು ತಿರುಗಿ, ಮೂರನೆಯ ದಿನ ಹಾಳೆಯನ್ನು ಹಿಂತಿರುಗಿಸಿದ. ನಡುವೆ 'ಬಸ್ಸು ಲೇಟು' ಎಂಬ ದುಂಡು. ಅದಕ್ಕೆ 'ರಸ್ತೆ' ಎಂಬಲ್ಲಿಂದ ಒಂದು ಸಣ್ಣ ಬಾಣ, 'ಟಯರು' ಎಂಬಲ್ಲಿಂದ ಇನ್ನೊಂದು ಸಣ್ಣ ಬಾಣ. ಹೆಬ್ಬೆರಳಿನ ಗಾತ್ರದ ಮೂರನೆಯ ಬಾಣ ಹೊರಟದ್ದು 'ಮೇಷ್ಟ್ರು' ಎಂಬ ದುಂಡಿನಿಂದ. ಅದರ ಮೇಲೆ ಬರೆದಿತ್ತು: 'ಮೆಟ್ಟಿಲ ಮೇಲೆ ನಿಂತು ಪ್ರಶ್ನೆ ಕೇಳ್ತಾರೆ.'

ಬಸ್ಸಿನಲ್ಲಿದ್ದ ಜನರೆಲ್ಲ ಗೊಳ್ಳೆಂದರು. ಮಾವ ನಗಲಿಲ್ಲ. ಗಂಭೀರವಾಗಿ ಓದಿ, "ಕಾರಣ, ಪರಿಣಾಮ, ಎರಡೂ ಸರಿಯಾಗಿ ಕೂಡ್ಸೀಯ. ನಿನ್ನಂಥೋನು ಓದು ಬಿಡ್ಬಾರದಿತ್ತು ಕಣಪ್ಪಾ" ಎಂದು ಆ ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡರು. ಮರುದಿನವೂ ಮೆಟ್ಟಿಲ ಮೇಲೆಯೇ ನಿಂತಿದ್ದರೆನ್ನುವುದು ಬೇರೆ ಮಾತು.

ಇದನ್ನೆಲ್ಲ ಓದಿ ಮಾವನನ್ನು ಹುಚ್ಚರೆಂದುಕೊಳ್ಳಬೇಡಿ. ಈ ಹುಚ್ಚಿನ ಬೇರು ಒಂದು ನ್ಯಾಯವಾದ ಸಿಟ್ಟಿನಲ್ಲಿದೆ. ಬಹಳ ಹಿಂದೆ ಒಬ್ಬ ವಿದ್ಯಾರ್ಥಿ ದ್ಯುತಿಸಂಶ್ಲೇಷಣೆಯ ಉತ್ತರವನ್ನು ಒಂದಕ್ಷರ ತಪ್ಪದೆ ಬರೆದು ಪೂರ್ತಿ ಅಂಕ ಪಡೆದಿದ್ದನಂತೆ. ಮಾವ ಅವನನ್ನು ಅವನ ಮನೆಯವರದೇ ಹೊಲದ ಬದುವಿನಲ್ಲಿ ನಿಲ್ಲಿಸಿ, "ಈ ಶೇಂಗಾ ಗಿಡ ಏನು ತಿಂತೈತೋ?" ಎಂದರೆ, ಅವನು "ಗೊಬ್ಬರದಂಗಡಿ ಮೂಟೆ ಸಾರ್" ಎಂದನಂತೆ. ಪುಸ್ತಕದ ಎಲೆಗೂ ಹೊಲದ ಎಲೆಗೂ ನಡುವೆ ಬಾಣವೇ ಇರಲಿಲ್ಲ! ಇದು ಆ ಹುಡುಗನ ತಪ್ಪಲ್ಲ. ಗೈಡು ಅಚ್ಚು ಹಾಕಿದವರ ತಪ್ಪು, ಅದರಿಂದಲೇ ಪ್ರಶ್ನೆ ತೆಗೆದವರ ತಪ್ಪು, ಬಾಯಿಪಾಠಕ್ಕೆ ಅಂಕ ಕೊಟ್ಟವರ ತಪ್ಪು. ಕೊನೆಯವರಲ್ಲಿ ತಾವೂ ಒಬ್ಬರೆಂದು ತಿಳಿದ ದಿನವೇ ಮಾವ ಬಾಣ ಹಿಡಿದದ್ದು.

ಹೀಗಿರುವಾಗ ಅವರ ಶಾಲೆಗೆ ಒಂದು ಆದೇಶ ಬಂತು. ಇನ್ನು ಮುಂದೆ ಒಂಬತ್ತನೆಯ ತರಗತಿಯ ಕಲಿಕೆಯನ್ನು ಕಂಪ್ಯೂಟರಿನಲ್ಲಿ ಜ್ಞಾನನಕ್ಷೆ ಬರೆಸಿ ಅಳೆಯಬೇಕು! ಮಾವನ ಪಾಲಿಗೆ ಸ್ವರ್ಗವೇ ಸರ್ಕಾರಿ ಲಕೋಟೆಯಲ್ಲಿ ಬಂದಂತಾಯಿತು. ಅತ್ತೆ ಆ ದಿನ ಹೋಳಿಗೆ ಮಾಡಬೇಕಾಯಿತು. ವ್ಯವಸ್ಥೆ ಹೀಗಿತ್ತು: ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ. ಮಗು ದುಂಡುಗಳನ್ನಿಟ್ಟು ಬಾಣ ಎಳೆಯುತ್ತದೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ಯಾರೋ ತಜ್ಞರು ಬರೆದಿಟ್ಟ ಇನ್ನೊಂದು ನಕ್ಷೆ ಇರುತ್ತದೆ. ಎರಡನ್ನೂ ಹೋಲಿಸಿ ಅದು ಮಗುವಿಗೆ ಒಂದು ಬಣ್ಣ ಕೊಡುತ್ತದೆ: ಹಸಿರು, ಹಳದಿ ಅಥವಾ ಕೆಂಪು.

ಮಾವ ಉಮೇದಿನಲ್ಲಿ ತಾವೇ ಮೊದಲು ಪರೀಕ್ಷೆಗೆ ಕುಳಿತರು. ಹಳದಿ ಬಂತು. ಕಂಪ್ಯೂಟರಿನ ತಜ್ಞರು ಎಣಿಸಿದ್ದಕ್ಕಿಂತ ಹೆಚ್ಚು ದುಂಡುಗಳನ್ನು ಬರೆದದ್ದೇ ಅಪರಾಧ. ಮನೆಗೆ ಬಂದು, "ಏನೇ, ನನಗೇ ಹಳದಿ ಬಂತಲ್ಲೇ!" ಎಂದು ಕೊರಗಿದರೆ, ಅತ್ತೆ ರೊಟ್ಟಿ ತಟ್ಟುತ್ತಲೇ, "ಮಿಷನ್ನು ಪಾಪದ್ದು ಕಣ್ರೀ. ನಾನಾಗಿದ್ರೆ ಕೆಂಪೇ ಕೊಡ್ತಿದ್ದೆ" ಎಂದರು.

ಆಗಲಾದರೂ ಮಾವನಿಗೆ ಅನುಮಾನ ಬರಬೇಡವೇ? ಬರಲಿಲ್ಲ! ತಪ್ಪು ತಮ್ಮದೇ ಎಂದುಕೊಂಡು, ಮಕ್ಕಳಿಗೆ ಹೇಳಿಕೊಡುವ ಕ್ರಮವನ್ನು ಇನ್ನಷ್ಟು ಸರಳ ಮಾಡಲು ಹೊರಟರು. ಮೊಳಕಾಲ್ಮುರಿನಲ್ಲಿ ಸರಳವಾದ ಹೋಲಿಕೆಗೆ ಬರಗಾಲವೇ? ತರಗತಿಯ ಅರ್ಧದಷ್ಟು ಮಕ್ಕಳು ರೇಷ್ಮೆ ಸೀರೆ ನೇಯುವ ಮನೆಗಳವರು. ಮಾವ ಹಲಗೆಯ ಮುಂದೆ ನಿಂತು ಹೇಳಿದರು:

"ನಕ್ಷೆ ಅಂದ್ರೆ ಭಯ ಬೀಳ್ಬೇಡ್ರಿ. ಸೀರೆ ಅಂದ್ಕಳ್ರಿ. ಗಿಡದೊಳಗೆ ನಡೆಯೋದು ಒಡಲು. ಹೊರಗಿನ ಬಿಸಿಲು, ಗಾಳಿ, ನೀರು, ಮಣ್ಣು ಅಂಚು. ಒಡಲಿಗೂ ಅಂಚಿಗೂ ಗಂಟು ಬಿಗಿಯಾಗಿ ಬಿದ್ರೆ ಸೀರೆ ಗಟ್ಟಿ. ನಿಮ್ಮನೇಲಿ ಹೆಂಗೆ ನೇಯ್ತಾರೋ ಹಂಗೆ ಮಾಡ್ರಿ!"

ಹೆಚ್ಚಿನ ಮಕ್ಕಳು ತಲೆ ಕೆರೆದುಕೊಂಡರು. ಪ್ರಶ್ನೆ ಕೇಳದೆ ತಲೆಯಾಡಿಸಿದವರು ಇಬ್ಬರೇ. ಅಕ್ಕಪಕ್ಕದ ಮನೆಯ, ಅಣ್ಣತಮ್ಮಂದಿರ ಮಕ್ಕಳಾದ ಲಾವಣ್ಯ ಮತ್ತು ಭಾರ್ಗವಿ. "ಹೆಂಗೆ ಹಿಡಕೊಂಡ್ರು ನೋಡು!" ಎಂದು ಮಾವ ಅಂದು ಸಂಜೆ ಫೋನಿನಲ್ಲಿ ನನ್ನೆದುರು ಹಿಗ್ಗಿದ್ದರು.

ಇಬ್ಬರಿಗೂ ಕೆಂಪು ಬಂತು.

ಕೆಂಪು ಬಂದವರಿಗೆ ಏನು ಮಾಡುತ್ತಾರೆ ಗೊತ್ತೇ? ವಿಜ್ಞಾನದ ಪಾಠದ ಹೊತ್ತಿನಲ್ಲಿ ವರಾಂಡದಲ್ಲಿ ಕೂರಿಸಿ ಪಠ್ಯಪುಸ್ತಕವನ್ನು ನಕಲು ಮಾಡಿಸುತ್ತಾರೆ. ಬಾಯಿಪಾಠವನ್ನು ಓಡಿಸಲು ಬಂದ ಯಂತ್ರ ಮಕ್ಕಳನ್ನು ಕಾಪಿ ಬರೆಯಲು ಕೂರಿಸಿತು! ಜೊತೆಗೆ ತಂದೆಯ ಸಹಿಗಾಗಿ ಮನೆಗೊಂದು ಚೀಟಿ: 'ಪರಿಕಲ್ಪನೆಗಳನ್ನು ಜೋಡಿಸುವ ಸಾಮರ್ಥ್ಯ ಇಲ್ಲ.' ಹದಿನಾಲ್ಕು ವರ್ಷದ ಮಗುವಿನ ಬಗ್ಗೆ ಹೀಗೆ ಬರೆಯುವ ಅಧಿಕಾರವನ್ನು ಯಾರು ಯಾರಿಗೆ ಕೊಟ್ಟರು? ಭಾರ್ಗವಿಯ ಅಪ್ಪ ಚೀಟಿಗೆ ಸಹಿ ಹಾಕಿದ. ಲಾವಣ್ಯಳ ಅಪ್ಪ ಸಹಿ ಹಾಕಿ, ಮಗಳನ್ನು ಶಾಲೆ ಬಿಡಿಸಿದ.

ಆ ಭಾನುವಾರ ನಾನು ಚಳ್ಳಕೆರೆಯಲ್ಲೇ ಇದ್ದೆ. ಮಾವ ಚೀಲ ಹೆಗಲಿಗೇರಿಸಿ, "ಬಾ ಮಗಾ, ನೀನು ಭಾಷಣ ಮಾಡೋಳು, ನಾಲಿಗೆ ಜೋರೈತೆ. ಆ ಹುಡುಗಿ ಅಪ್ಪನಿಗೆ ಬುದ್ಧಿ ಹೇಳಿ ಬರೋಣ" ಎಂದರು. ಇಬ್ಬರೂ ಮೊಳಕಾಲ್ಮುರಿನ ಬಸ್ಸು ಹತ್ತಿದೆವು.

ಲಾವಣ್ಯಳ ಅಪ್ಪ ನಮ್ಮನ್ನು ಮರ್ಯಾದೆಯಿಂದಲೇ ಕೂರಿಸಿದ. ಮಾತೂ ಮರ್ಯಾದೆಯದೇ.

"ಕಂಪ್ಯೂಟ್ರೇ ಹೇಳೈತಲ್ಲ ಸಾರ್, ತಲೆಗೆ ಹತ್ತಲ್ಲ ಅಂತ. ನೀವು ಅಂದಿದ್ರೆ ನಂಬ್ತಿರ್ಲಿಲ್ಲ. ಮಿಷನ್ನಿಗೆ ನನ್ನ ಮಗಳ ಮೇಲೆ ಏನು ದ್ವೇಷ? ಹತ್ತನೇ ಕ್ಲಾಸಿಗೆ ಕಳಿಸಿ ಫೇಲಾಗೋ ಬದ್ಲು, ಈಗ್ಲೇ ಮಗ್ಗಕ್ಕೆ ಕೂರ್ಲಿ."

ಬಾಲ್ಯದ ಹಕ್ಕಿನ ಬಗ್ಗೆ ನಾನು ಸಿದ್ಧಪಡಿಸಿಕೊಂಡು ಬಂದಿದ್ದ ಭಾಷಣದ ಮೊದಲ ವಾಕ್ಯ ಬಾಯಿಗೆ ಬರುವಷ್ಟರಲ್ಲಿ, ಮಾವ ನನ್ನ ಕೈ ಹಿಡಿದು ತಡೆದರು. ಅವರು ಮಗ್ಗವನ್ನೇ ನೋಡುತ್ತಿದ್ದರು. ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಲಾವಣ್ಯಳ ಅವ್ವ ಹಸಿರು ಒಡಲಿನ ಲಾಳಿ ಎಸೆಯುತ್ತಿದ್ದಳು. ಪಕ್ಕದಲ್ಲಿ, ಸೀರೆಯ ಅಂಚಿನ ಬಳಿ, ಅಜ್ಜಿ ಕೂತು ಕೆಂಪು ನೂಲಿನ ಇನ್ನೊಂದು ಲಾಳಿಯನ್ನು ಹಿಡಿದಿದ್ದಳು. ಹಸಿರು ಬಂದಾಗ ಕೆಂಪು ಅದಕ್ಕೆ ಸಿಕ್ಕಿ ಹಿಂತಿರುಗುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೂ ಇರಲಿಲ್ಲ.

"ಇದನ್ನ ಒಬ್ರೇ ಕೂತು ನೇಯಾಕಾಗಲ್ವೇನಮ್ಮಾ?" ಎಂದರು ಮಾವ. ಮೂವತ್ತು ವರ್ಷದಿಂದ ಆ ಊರಿಗೆ ಓಡಾಡುತ್ತಿರುವ ಮೇಷ್ಟ್ರು!

"ಒಬ್ರೇ ಕೂತ್ರೆ ಅಂಚು ಯಾರು ಹಿಡೀತಾರೆ ಸಾರ್?" ಎಂದಳು ಆಕೆ.

ಅಜ್ಜಿ ಲಾಳಿ ನಿಲ್ಲಿಸದೆ ಸೊಸೆಗೆ ತೆಲುಗಿನಲ್ಲಿ, "ಈ ಸಾರ್‌ಕಿ ಇದಿ ಕೂಡಾ ತೆಲೀದಾ?" ಎಂದಳು. ಮೇಷ್ಟ್ರಿಗೆ ಇಷ್ಟೂ ಗೊತ್ತಿಲ್ಲವೇ ಎಂದು. ಮಾವನಿಗೆ ತೆಲುಗು ಚೆನ್ನಾಗಿ ಬರುತ್ತದೆ.

ಬಾಗಿಲ ಬಳಿ ಲಾವಣ್ಯಳೂ, ಸುದ್ದಿ ತಿಳಿದು ಓಡಿಬಂದ ಭಾರ್ಗವಿಯೂ ನಿಂತಿದ್ದರು. ಮಾವ ಮೆಲ್ಲಗೆ ಕೇಳಿದರು, "ಪರೀಕ್ಷೆ ದಿನ ನೀವಿಬ್ರೂ ಹೆಂಗೆ ಬರೆದ್ರಮ್ಮಾ?"

"ನಾನು ಒಡಲು ಸಾರ್, ಇವಳು ಅಂಚು" ಎಂದಳು ಲಾವಣ್ಯ. "ಮನೇಲಿ ನೇಯ್ದಂಗೆ ಮಾಡ್ರಿ ಅಂತ ನೀವೇ ಹೇಳಿದ್ರಲ್ಲ?"

ಮಾವ ಚೀಲ ಬಿಚ್ಚಿದರು. ಮಕ್ಕಳ ನಕ್ಷೆಗಳ ಮುದ್ರಿತ ಹಾಳೆಗಳು ಯಾವಾಗಲೂ ಅವರ ಚೀಲದಲ್ಲಿರುತ್ತವೆ. ಊಟದ ಡಬ್ಬಿ ಮರೆತರೂ ಅವನ್ನು ಮರೆಯುವುದಿಲ್ಲ. ಇಬ್ಬರ ಹಾಳೆಗಳನ್ನು ನೆಲದ ಮೇಲೆ ಪಕ್ಕಪಕ್ಕ ಇಟ್ಟರು. ಭಾರ್ಗವಿಯ ಹಾಳೆಯಲ್ಲಿ ಬಿಸಿಲು, ಗಾಳಿ, ನೀರು, ಮಣ್ಣಿನಿಂದ ಹೊರಟ ಬಾಣಗಳು ಹಾಳೆಯ ಬಲತುದಿಗೆ ಬಂದು ನಿಂತಿದ್ದವು. 'ಗುರಿ ಸೇರದ ಬಾಣಗಳು' ಎಂದು ಕಂಪ್ಯೂಟರು ಅವುಗಳಿಗೆಲ್ಲ ಅಂಕ ಕಡಿದಿತ್ತು. ಲಾವಣ್ಯಳ ಹಾಳೆಯಲ್ಲಿ ಎಲ್ಲಿಂದಲೋ ಎಂಬಂತೆ ಎಡತುದಿಯಿಂದ ಹೊರಟ ಬಾಣಗಳು ಎಲೆಗೂ ಬೇರಿಗೂ ತಲುಪಿ, ಅಲ್ಲಿಂದ ಹಸಿರು ಕಣ, ಸಕ್ಕರೆ, ಕಾಂಡ, ಕಾಯಿ ಎಂದು ಹರಡಿದ್ದವು. 'ಮೂಲವಿಲ್ಲದ ಬಾಣಗಳು' ಎಂದು ಅವಕ್ಕೂ ಅಂಕ ಕಡಿದಿತ್ತು. ಮಾವ ಎರಡು ಹಾಳೆಗಳ ಅಂಚನ್ನು ಅಂಚಿಗೆ ಸೇರಿಸಿದರು. ಬಾಣಕ್ಕೆ ಬಾಣ ಕೂಡಿತು. ಒಂದೂ ತಪ್ಪಿರಲಿಲ್ಲ! ಪರೀಕ್ಷೆಯ ದಿನ ಅಕ್ಕಪಕ್ಕದ ಕಂಪ್ಯೂಟರುಗಳಲ್ಲಿ ಕೂತಿದ್ದ ಆ ಇಬ್ಬರು ಹುಡುಗಿಯರು, ತುಟಿ ಬಿಚ್ಚದೆ, ಎರಡು ಪರದೆಗಳ ಮೇಲೆ ಒಂದೇ ನಕ್ಷೆಯನ್ನು ನೇಯ್ದಿದ್ದರು.

ಲಾವಣ್ಯಳ ಅಪ್ಪ ಬಗ್ಗಿ ನೋಡಿದ. ಬಾಣಗಳು ಅವನಿಗೆ ಅರ್ಥವಾಗಲಿಲ್ಲ. ಗಂಟು ಬಿದ್ದ ಜಾಗ ಅರ್ಥವಾಯಿತು. "ಕೂಡಿಕೆ ಸರಿಯಾಗಿ ಬಿದ್ದೈತೆ" ಎಂದ. "ಮಿಷನ್ನು ಇದನ್ನ ಒಪ್ಪಿ ಚೀಟಿ ವಾಪಸ್ ತಗಂಡ್ರೆ ನಾಳೇನೇ ಕಳಿಸ್ತೀನಿ ಸಾರ್."

ಮಾವ ಆ ಹಾಳೆಗಳನ್ನು ಹಿಡಿದು ಆದೇಶ ಹೊರಡಿಸಿದ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇಬ್ಬರಿಗೆ ಒಂದು ಲಾಗಿನ್ ಕೊಡೋ ಅವಕಾಶ ಇಲ್ರೀ ಮೇಷ್ಟ್ರೇ. ಮೇಲೆ ಹೋದ ಬಣ್ಣ ಹೋಯ್ತು, ಬದಲಾಯಿಸೋಕಾಗಲ್ಲ" ಎಂದರು. "ತಪ್ಪು ಹೇಳಿಕೊಟ್ಟೋನು ನಾನು. ಕೆಂಪು ನನಗೆ ಕೊಡಿ" ಎಂದರು ಮಾವ. ಮೇಷ್ಟ್ರಿಗೆ ಬಣ್ಣ ಕೊಡುವ ಅಂಕಣ ಕಂಪ್ಯೂಟರಿನಲ್ಲಿ ಇಲ್ಲವಂತೆ! ಎಷ್ಟು ಮುಂದಾಲೋಚನೆಯ ಯಂತ್ರ, ನೋಡಿ. ತಪ್ಪು ಮಕ್ಕಳದಲ್ಲದೆ ಬೇರೆಯವರದಾಗಲು ಅದರಲ್ಲಿ ಜಾಗವೇ ಇಲ್ಲ.

ಮಾವ ಅಲ್ಲೇ ಬೆಂಚಿನ ಮೇಲೆ ಕೂತು ಆ ಕಚೇರಿಯ ನಕ್ಷೆ ಬರೆದು ಮೇಜಿನ ಮೇಲಿಟ್ಟರು. ಅರ್ಜಿ, ಟಪಾಲು, ಕಡತ, ಕಪಾಟು, ಎಲ್ಲಕ್ಕೂ ದುಂಡು, ಎಲ್ಲಕ್ಕೂ ಬಾಣ. ಅಧಿಕಾರಿ ಕುತೂಹಲದಿಂದ, "ಇದ್ರಲ್ಲಿ ನಾನೆಲ್ಲಿ?" ಎಂದರು.

"ನಿಮ್ಮಿಂದ ಹೊರಡೋ ಬಾಣ ಹುಡುಕ್ತಾ ಇದೀನಿ ಸಾರ್. ಸಿಕ್ಕಿದ ಕೂಡ್ಲೇ ಸೇರಿಸ್ತೀನಿ!"

ಈ ಮಾತಿಗೆ ಕೋಪ ಬಂತೋ ಕನಿಕರ ಬಂತೋ, ಒಂದು ರಿಯಾಯಿತಿಯಂತೂ ಸಿಕ್ಕಿತು: ಶಾಲೆಗೆ ಒಂದು ಮರುಪರೀಕ್ಷೆ. ಒಬ್ಬ ವಿದ್ಯಾರ್ಥಿಗೆ, ಒಂದು ಸಲ.

ಯಾರಿಗೆಂದು ಯೋಚಿಸುವುದೇನಿತ್ತು? ಶಾಲೆ ತಪ್ಪಿದ್ದು ಲಾವಣ್ಯಳಿಗೆ. "ನೀನೇ ಕೂತ್ಕಾ ಕಣೇ, ನಿಮ್ಮಪ್ಪ ಕಳಿಸ್ತಾನೆ" ಎಂದು ಭಾರ್ಗವಿಯೇ ಅವಳನ್ನು ಕುರ್ಚಿಗೆ ತಳ್ಳಿ ಹೊರಗೆ ಹೋದಳು. ಆ ಮಧ್ಯಾಹ್ನ ನಾನೂ ಅಲ್ಲಿದ್ದೆ. ಲಾವಣ್ಯ ಹಸಿರು ಕಣ ಬರೆದಳು, ಸಕ್ಕರೆ ಬರೆದಳು, ಕಾಂಡ ಬರೆದಳು, ಬೇರು ಬರೆದಳು. ಬಾಣಗಳನ್ನು ಎಡತುದಿಯಿಂದ ಎಳೆದು ತಂದಳು. ಆಮೇಲೆ ಕೈ ತೊಡೆಯ ಮೇಲಿಟ್ಟು ಕೂತುಬಿಟ್ಟಳು. ಪರದೆಯ ಮೂಲೆಯಲ್ಲಿ ಸಮಯ ಓಡುತ್ತಿತ್ತು.

"ಬರಿಯಮ್ಮಾ," ಎಂದರು ಮಾವ, "ಬಿಸಿಲು ಬರಿ, ಗಾಳಿ ಬರಿ. ನಿನಗೆ ಗೊತ್ತೈತೆ."

"ಗೊತ್ತೈತೆ ಸಾರ್."

"ಮತ್ತೆ?"

"ಅದು ಅವಳದು ಸಾರ್. ಅದನ್ನೂ ನಾನೇ ಬರೆದ್ಬಿಟ್ರೆ, ಅವಳಿಗೆ ಏನೂ ಬರ್ತಿರ್ಲಿಲ್ಲ ಅಂತ ಆಗ್ತೈತೆ. ಅವಳು ಕೆಂಪಲ್ಲೇ ಉಳೀತಾಳೆ."

ಮಾವ ಪಕ್ಕದ ಖಾಲಿ ಕುರ್ಚಿಯನ್ನು ಎಳೆದುಕೊಂಡು ಅವಳ ಜೊತೆ ಕೂತರು. ಸಮಯ ಮುಗಿಯುವವರೆಗೂ ಇಬ್ಬರೂ ಹಾಗೆಯೇ ಪರದೆ ನೋಡುತ್ತಿದ್ದರು. ಕೆಂಪು ಬಂತು. ಮಾವ ಒಂದು ಸಲ ಮೂಗು ಸೀಟಿ, "ಮನೆಗೆ ಬಿಟ್ಟು ಬರ್ತೀನಿ ಏಳಮ್ಮಾ" ಎಂದರು. ದಾರಿಯುದ್ದಕ್ಕೂ ಅವಳ ಪುಸ್ತಕದ ಚೀಲವನ್ನು ತಾವೇ ಹೊತ್ತಿದ್ದರು.

ಅಪ್ಪನಿಗೆ ಅವರು ಏನು ಹೇಳಿದರೋ ನಾನು ಕೇಳಿಸಿಕೊಳ್ಳಲಿಲ್ಲ. ಲಾವಣ್ಯ ಈಗ ಶಾಲೆಗೆ ಬರುತ್ತಿದ್ದಾಳೆ, ವರಾಂಡಕ್ಕೆ. ಈ ವರ್ಷದ ಕೊನೆಯವರೆಗೆ ಮಾತ್ರ ಎಂದು ಅಪ್ಪ ಒಪ್ಪಿದ್ದಾನೆ. ಹತ್ತನೆಯ ತರಗತಿಯ ದಾಖಲಾತಿಯ ಹೊತ್ತಿಗೂ ಚೀಟಿ ಕೆಂಪಾಗಿಯೇ ಇದ್ದರೆ, ಅವಳು ಮಗ್ಗಕ್ಕೆ.

ಆದ್ದರಿಂದ, ಆ ಆದೇಶಕ್ಕೆ ಸಹಿ ಹಾಕಿದ ಅಧಿಕಾರಿಗಳೇ, ಆ ತಂತ್ರಾಂಶವನ್ನು ಬರೆದುಕೊಟ್ಟ ಮಹನೀಯರೇ, ನಿಮ್ಮಲ್ಲಿ ನಾನು ಸಮಿತಿ ಕೇಳುತ್ತಿಲ್ಲ, ವರದಿ ಕೇಳುತ್ತಿಲ್ಲ. ಎರಡೂ ಹಾಳೆಗಳು ನಿಮ್ಮ ಕಚೇರಿಯಲ್ಲೇ ಇವೆ. ತಪ್ಪು ತಮ್ಮದೆಂದು ನಮ್ಮ ಮಾವ ಬರೆದುಕೊಟ್ಟ ಪತ್ರವೂ ಅವುಗಳ ಜೊತೆಗಿದೆ. ಹತ್ತನೆಯ ತರಗತಿಯ ದಾಖಲಾತಿ ಆರಂಭವಾಗುವ ಮೊದಲು ಲಾವಣ್ಯ ಮತ್ತು ಭಾರ್ಗವಿಯ ಹೆಸರಿನ ಮುಂದಿರುವ ಕೆಂಪನ್ನು ಅಳಿಸಿ, ಇಬ್ಬರದನ್ನೂ, ಒಂದೇ ದಿನ. ಇನ್ನು ಮುಂದೆ ಯಾವ ಮಗುವಿನ ನಕ್ಷೆಗೂ, ಆ ಮಗುವನ್ನು ಎದುರು ಕೂರಿಸಿಕೊಂಡು ಮೇಷ್ಟ್ರೊಬ್ಬರು 'ಇದನ್ನು ಹೀಗೇಕೆ ಬರೆದೆಯಮ್ಮಾ?' ಎಂದು ಕೇಳುವ ಮೊದಲು ಬಣ್ಣ ಹಚ್ಚಬೇಡಿ.